ಪಿ.ಬಿ. ರೋಡು

ಕೇಳುಗರಿಗೆ ನಮಸ್ಕಾರ.

ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಎಲ್ಲಿಯಾದರೂ ಸರಿ, ಆಟೋದವರಿಗೆ ‘ಪಿ.ಬಿ. ರೋಡು’ ಅಂದರೆ ಸಾಕು, ಗೊತ್ತಾಗುತ್ತದೆ. ಪೂನಾ-ಬೆಂಗಳೂರು ರಸ್ತೆ ಎಂಬ ಹಳೆಯ ಹೆಸರಿನ ಉಳಿಕೆ ಅದು. ಸರ್ಕಾರಿ ಕಾಗದದಲ್ಲಿ ಬಹಳ ಕಾಲ ರಾಷ್ಟ್ರೀಯ ಹೆದ್ದಾರಿ 4 ಆಗಿದ್ದ ಈ ದಾರಿ 2010ರ ಹೊಸ ಎಣಿಕೆಯಲ್ಲಿ 48 ಆಯಿತು. ದೆಹಲಿಯಿಂದ ಹೊರಟು ಜೈಪುರ, ಮುಂಬೈ, ಪುಣೆ, ಬೆಂಗಳೂರು ದಾಟಿ ಚೆನ್ನೈ ಮುಟ್ಟುತ್ತದೆ. ಅದರಲ್ಲಿ ಬೆಂಗಳೂರಿನಿಂದ ಬೆಳಗಾವಿವರೆಗಿನ ಸುಮಾರು 500 ಕಿ.ಮೀ. ಬಗ್ಗೆ ನನ್ನ ಮಾತು.

ಹರಿಹರದ ಹತ್ತಿರ ಈ ದಾರಿ ತುಂಗಭದ್ರೆಯನ್ನು ದಾಟುತ್ತದೆ. ಇವತ್ತು ಬಸ್ಸಿನಲ್ಲಿ ಕೂತವರು ನದಿ ಬಂತೆಂದು ತಲೆಯೆತ್ತುವಷ್ಟರಲ್ಲಿ ಸೇತುವೆ ಮುಗಿದಿರುತ್ತದೆ. ಆದರೆ ಬ್ರಿಟಿಷರ ಕಾಲದಲ್ಲಿ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಎರಡೂ ದಡದಲ್ಲಿ ಕನ್ನಡವೇ, ಆಳುವವರು ಮಾತ್ರ ಬೇರೆ. 1956ರ ನವೆಂಬರ್ 1ರಂದು ಆ ಗಡಿ ಅಳಿಸಿಹೋಯಿತು. ಅದಕ್ಕೂ ಬಹಳ ಮೊದಲೇ ಎರಡು ದಡದ ಜನ ಇದೇ ದಾರಿಯಲ್ಲಿ ಸಂತೆಗೆ, ಮದುವೆಗೆ, ಜಾತ್ರೆಗೆ ಓಡಾಡಿದವರು. ಏಕೀಕರಣದ ಮಾತು ಬಂದಾಗಲೆಲ್ಲ ನನಗೆ ಸಭೆ-ಠರಾವುಗಳ ಜೊತೆಗೆ ಈ ರಸ್ತೆಯೂ ನೆನಪಾಗುತ್ತದೆ.

ಕಣ್ಣು ಮುಚ್ಚಿಕೊಂಡು ಪಯಣಿಸಿದರೂ ಎಲ್ಲಿದ್ದೇವೆಂದು ಕಿವಿಗೇ ತಿಳಿಯುತ್ತದೆ. ತುಮಕೂರಿನಲ್ಲಿ ‘ಬನ್ನಿ ಸಾರ್, ಬನ್ನಿ’ ಎಂದು ಕರೆದವರು ರಾಣೆಬೆನ್ನೂರು ಬರುವಷ್ಟರಲ್ಲಿ ‘ಬರ್ರಿ, ಬರ್ರಿ’ ಅನ್ನುತ್ತಾರೆ. ಕಿತ್ತೂರು ದಾಟಿದ ಮೇಲೆ ಮರಾಠಿಯೂ ಕಿವಿಗೆ ಬೀಳುತ್ತದೆ. ಬೆಳಗಾವಿಯಲ್ಲಿ ಹೆದ್ದಾರಿಯ ಪಕ್ಕದಲ್ಲೇ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ. ಚಳಿಗಾಲದ ಅಧಿವೇಶನಕ್ಕೆ ರಾಜಧಾನಿಯೇ ಈ ರಸ್ತೆ ಹಿಡಿದು ಬರುತ್ತದೆ.

ಸುವರ್ಣ ಚತುಷ್ಪಥ ಯೋಜನೆಯಲ್ಲಿ ದಾರಿ ಅಗಲವಾಯಿತು, ಊರುಗಳ ಹೊರಗೆ ಸರಿಯಿತು. ಒಳ್ಳೆಯದೇ ಆಯಿತು. ಲಾರಿಗಳ ಸಾಲು ಪೇಟೆಯ ನಡುವೆ ನಿಂತು ಹೊಗೆ ಉಗುಳುವುದು ತಪ್ಪಿತು. ಆದರೆ ಹುಬ್ಬಳ್ಳಿ-ಧಾರವಾಡದ ಸುಮಾರು 30 ಕಿ.ಮೀ. ಬೈಪಾಸ್ ಮಾತ್ರ ವರ್ಷಗಟ್ಟಲೆ ಎರಡೇ ಲೇನಿನದಾಗಿ ಉಳಿಯಿತು. ಅತ್ತ ಇತ್ತ ಅಗಲ ರಸ್ತೆ, ನಡುವೆ ಇಕ್ಕಟ್ಟು. 2021ರ ಜನವರಿಯಲ್ಲಿ, ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗಾಡಿಗೆ ಇಟಿಗಟ್ಟಿ ಹತ್ತಿರ ಟಿಪ್ಪರ್ ಡಿಕ್ಕಿಯಾಯಿತು. ಹಲವರು ಮನೆಗೆ ಮರಳಲಿಲ್ಲ. ಆ ರಸ್ತೆ ಅಗಲಿಸಬೇಕೆಂದು ಜನ ಕೇಳುತ್ತಲೇ ಇದ್ದರು. ಇಷ್ಟು ಜೀವ ಹೋದ ಮೇಲೆ ಆ ಕೂಗು ಗಟ್ಟಿಯಾಗಿ ಕೇಳಿಸಿತು ಎಂಬುದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ಆರು ಲೇನಿನ ಕಾಲ. ಅಗಲವಾದಷ್ಟೂ ಗಾಡಿಗೆ ವೇಗ, ನಡೆದು ದಾಟುವವರಿಗೆ ಭಯ. ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ ಇರುವ ರೈತ ಎತ್ತು ಹೊಡೆದುಕೊಂಡು ಅಂಡರ್‌ಪಾಸ್ ಹುಡುಕುತ್ತಾ ಎಷ್ಟು ದೂರ ಹೋಗಬೇಕು? ಹತ್ತಿರದಲ್ಲಿ ಸಿಗದಿದ್ದರೆ ಡಿವೈಡರ್ ಸಂದಿಯಲ್ಲೇ ನುಗ್ಗುತ್ತಾನೆ. ತಪ್ಪು ಅವನದೆಂದು ನಾನಂತೂ ಹೇಳಲಾರೆ.

ಊರೊಳಗೆ ಬಾರದ ಬಸ್ಸಿನಿಂದ ನಾನೂ ಒಮ್ಮೆ ನಡುರಾತ್ರಿ ಬೈಪಾಸಿನಲ್ಲಿ ಇಳಿದಿದ್ದೇನೆ. ನನ್ನ ಜೊತೆ ಇಳಿದದ್ದು ಮಗುವನ್ನು ಎತ್ತಿಕೊಂಡ ಒಬ್ಬ ತಾಯಿ. ಕೂರಲು ಕಟ್ಟೆಯಿಲ್ಲ, ದೀಪವಿಲ್ಲ. ಊರಿನ ಬೆಳಕು ದೂರದಲ್ಲಿ ಕಾಣುತ್ತಿತ್ತು. ಆಕೆಯ ಅಣ್ಣ ಬೈಕಿನಲ್ಲಿ ಬರುವವರೆಗೂ ನಾನು ಅಲ್ಲೇ ನಿಂತಿದ್ದೆ. ರಸ್ತೆ ಅಗಲಿಸುವ ನಕ್ಷೆಯಲ್ಲಿ ಅಂಥ ಪ್ರತಿಯೊಂದು ತಿರುವಿಗೂ ಒಂದು ತಂಗುದಾಣ, ಒಂದು ದೀಪ ಇರಲೇಬೇಕೆಂದು ಈ ಬಾನುಲಿಯ ಮೂಲಕ ಕೇಳಿಕೊಳ್ಳುತ್ತೇನೆ.

ನಮಸ್ಕಾರ.