ಒಳಗೆ ಬಿಟ್ಟ ಬಟ್ಟೆ

ಕೇಳುಗರಿಗೆ ನಮಸ್ಕಾರ.

ನನ್ನ ಬೀರುವಿನಲ್ಲಿ ಹಸಿರು ರೇಷ್ಮೆಯ ಒಂದು ರವಿಕೆ ಇದೆ, ಮದುವೆಗೆಂದು ಹೊಲಿಸಿದ್ದು. ಎರಡು ಹೆರಿಗೆಯಾದ ಮೇಲೆ ಅದು ತೋಳಿನಲ್ಲೇ ಸಿಕ್ಕಿಕೊಂಡಿತು. ತೆಳ್ಳಗಾದ ಮೇಲೆ ತೊಟ್ಟರಾಯಿತೆಂದು ಮಡಿಸಿಟ್ಟೆ. ಹಾಗೆ ಹದಿನೈದು ವರ್ಷ ಕಳೆಯಿತು.

ಅಷ್ಟರಲ್ಲಿ ಮೊದಲು ಅನ್ನ ಬಿಟ್ಟೆ, ಆಮೇಲೆ ಸಕ್ಕರೆ, ಒಂದು ಬೇಸಿಗೆಯಿಡೀ ರಾತ್ರಿಯ ಊಟ. ಒಂದು ಯುಗಾದಿಯಂದು ಎಲೆಯ ಮುಂದೆ ಕುಳಿತು ಒಬ್ಬಟ್ಟಿನ ಅಂಚನ್ನಷ್ಟೇ ಮುರಿದು ತಿಂದು ಎದ್ದೆ. ಎಲ್ಲರೂ ಮೆಚ್ಚಿದರು. ಮಧ್ಯರಾತ್ರಿ ಅಡುಗೆಮನೆಯಲ್ಲಿ ದೀಪವನ್ನೂ ಹಾಕದೆ, ನಿಂತುಕೊಂಡೇ, ಡಬ್ಬಿಯಿಂದ ಮೂರು ಒಬ್ಬಟ್ಟು ತಿಂದೆ. ತುಪ್ಪವಿಲ್ಲ, ರುಚಿಯೂ ತಿಳಿಯಲಿಲ್ಲ. ನಾಚಿಕೆ ಮಾತ್ರ ಬೆಳಗಿನವರೆಗೂ ಇತ್ತು.

ಆ ನಾಚಿಕೆ ಕರಗಿದ್ದು ಒಂದು ಹಳೆಯ ಪ್ರಯೋಗದ ಸಂಗತಿ ತಿಳಿದಾಗ. 1944ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಹಸಿವಿನ ಪರಿಣಾಮ ತಿಳಿಯಲು 36 ಮಂದಿ ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. ಯುದ್ಧದಿಂದ ಹಸಿದ ಯುರೋಪಿನ ಜನಕ್ಕೆ ಮತ್ತೆ ಉಣಿಸುವುದು ಹೇಗೆಂಬುದು ಅವರ ಪ್ರಶ್ನೆ. ಆರು ತಿಂಗಳು ಆ ಹುಡುಗರಿಗೆ ದಿನಕ್ಕೆ ಸಿಕ್ಕಿದ್ದು ಸುಮಾರು 1,600 ಕ್ಯಾಲೊರಿ. ನನ್ನ ಡಯಟ್ ಚೀಟಿಯಲ್ಲಿದ್ದದ್ದು 1,200! ಅವರು ತಟ್ಟೆ ನೆಕ್ಕಿದರು, ಸಿಡುಕಿದರು, ಅಡುಗೆ ಪುಸ್ತಕಗಳನ್ನು ಕೂಡಿಟ್ಟುಕೊಂಡು ಓದಿದರು. ಕಟ್ಟು ಕಳಚಿದ ಮೇಲೆ ಎಷ್ಟು ತಿಂದರೂ ಕೆಲವರಿಗೆ ಹೊಟ್ಟೆ ತುಂಬಿತೆನ್ನಿಸಲಿಲ್ಲ. ಮನಸ್ಸು ಗಟ್ಟಿಯಿಲ್ಲವೆಂದು ಅವರನ್ನು ಯಾರು ತಾನೇ ಹಳಿದಾರು?

ಮುಂದೆ, 1972ರಲ್ಲಿ, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಅಳೆಯುವ ಲೆಕ್ಕಕ್ಕೆ ಬಿಎಂಐ ಎಂಬ ಹೆಸರನ್ನು ಚಲಾವಣೆಗೆ ತಂದದ್ದೂ ಇದೇ ಕೀಸ್ ಮತ್ತು ಸಂಗಡಿಗರು. ಅದರ ಮೂಲ ಸೂತ್ರ ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂನ ಕೆಟ್ಲೆ ಎಂಬಾತನದು. ಆತ ವೈದ್ಯನಲ್ಲ, ಖಗೋಳಶಾಸ್ತ್ರಜ್ಞ. ಹುಡುಕುತ್ತಿದ್ದದ್ದು ಸರಾಸರಿ ಮನುಷ್ಯನನ್ನು.

ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ವೈದ್ಯರು ಹೇಳುವ ಪಥ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಪಥ್ಯಕ್ಕೆ ಒಂದು ಕಾರಣವಿರುತ್ತದೆ. ಬಾಣಂತಿಯ ಪಥ್ಯ, ಜ್ವರದ ಪಥ್ಯ ಒಂದು ದಿನ ಮುಗಿದು, ತಿಳಿಸಾರು ಅನ್ನದ ಜೊತೆ ಹಪ್ಪಳವೂ ಬರುತ್ತಿತ್ತು. ನನ್ನ ಡಯಟ್ಟಿಗೆ ಮುಗಿಯುವ ದಿನವೇ ಇರಲಿಲ್ಲ.

ಹೋದ ತಿಂಗಳು ಆ ರವಿಕೆಯನ್ನು ನಮ್ಮ ಬೀದಿಯ ದರ್ಜಿಯ ಬಳಿಗೆ ಒಯ್ದೆ. ಕನ್ನಡಕ ಮೂಗಿಗಿಳಿಸಿ ಅವರು ಅದನ್ನು ಒಳಮಗ್ಗುಲಾಗಿ ತಿರುಗಿಸಿದರು. ಕಂಕುಳಿನಿಂದ ಸೊಂಟದವರೆಗೆ ಮೂರು ಸಾಲು ಹೊಲಿಗೆ, ಅದರಾಚೆ ಒಂದಂಗುಲ ಬಟ್ಟೆ.

“ಇಷ್ಟು ಬಟ್ಟೆ ಬಿಟ್ಟಿದ್ದಾರಲ್ಲ ಅಕ್ಕಾ, ಮೊದಲೇ ತರಬಾರದಿತ್ತೇ?” ಎಂದರು.

ಬ್ಲೇಡಿನಿಂದ ಎರಡು ಸಾಲು ಬಿಚ್ಚಿ ಎಳೆಗಳನ್ನು ಊದಿ ಹಾರಿಸಿದರು. ಬಿಸಿಲು ಕಾಣದ ಆ ಪಟ್ಟಿ ಮಿಕ್ಕ ರವಿಕೆಗಿಂತ ಹೊಸ ಹಸಿರಾಗಿತ್ತು. ತೊಟ್ಟಾಗ ಎರಡೂ ಪಕ್ಕದಲ್ಲಿ ಎದ್ದು ಕಾಣುತ್ತದೆ. ಭಾನುವಾರ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಅದನ್ನೇ ತೊಟ್ಟು ಹೋಗುತ್ತಿದ್ದೇನೆ.

ನಮಸ್ಕಾರ.