ಎಲ್ಲದಕ್ಕೂ ಒಂದೇ ‘ಹೆಕ್ಟಿಕ್’ ಸಾಕಾ?

ನಮಸ್ಕಾರ. ಬೆಂಗಳೂರಿನಲ್ಲಿ ಯಾರನ್ನಾದರೂ “ಕೆಲಸ ಹೇಗಿದೆ?” ಅಂತ ಕೇಳಿ ನೋಡಿ. “ಅಯ್ಯೋ, ತುಂಬಾ ಹೆಕ್ಟಿಕ್!” ಮೀಟಿಂಗ್ ಜಾಸ್ತಿ ಇದ್ದರೂ ಹೆಕ್ಟಿಕ್, ಮನೆ ಶಿಫ್ಟ್ ಮಾಡಿದರೂ ಹೆಕ್ಟಿಕ್, ಮದುವೆಗೆ ಹೋಗಿ ಊಟ ಮಾಡಿ ಬಂದರೂ ಹೆಕ್ಟಿಕ್. ಒಂದು ಕಾಲದಲ್ಲಿ ಇದು ಡಾಕ್ಟರುಗಳ ಪದ. ಕ್ಷಯದವರನ್ನು ಬಿಡದೆ ಕಾಡುವ ಜ್ವರಕ್ಕೆ ಹಾಗೆ ಅನ್ನುತ್ತಿದ್ದರು. ಈಗ ಬರೀ ಗಡಿಬಿಡಿ ಅಂತಷ್ಟೇ ಅರ್ಥ. ಗಡಿಬಿಡಿಯೇ ಬೇರೆ, ದುಡಿಮೆಯೇ ಬೇರೆ, ಅಲ್ವಾ?

ಇಂಗ್ಲಿಷ್ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ದುಡಿಮೆಯನ್ನು ಬಣ್ಣಿಸೋಕೆ ಆ ಭಾಷೆಯಲ್ಲಿ ಪದಗಳಿಗೆ ಬರವಿಲ್ಲ. ನಾವು ಮಾತ್ರ ಒಂದನ್ನೇ ಹಿಡಿದುಕೊಂಡು ಜಗ್ಗುತ್ತಿದ್ದೇವೆ.

ಸ್ಟ್ರೆನ್ಯುಯಸ್ ಅನ್ನೋದನ್ನೇ ನೋಡಿ. ಆಪರೇಷನ್ ಆದವರ ಡಿಸ್ಚಾರ್ಜ್ ಚೀಟಿಯಲ್ಲಿ ‘ಅವಾಯ್ಡ್ ಸ್ಟ್ರೆನ್ಯುಯಸ್ ಆಕ್ಟಿವಿಟಿ’ ಅಂತ ಬರೆದಿರುತ್ತಾರೆ. ಅದನ್ನು ಓದಿದ ಮನೆಯವರು “ನೀವು ಹಾಸಿಗೆ ಬಿಟ್ಟು ಏಳಲೇಬೇಡಿ” ಅಂತಾರೆ. ಚೀಟಿ ಹೇಳುತ್ತಿರೋದು ಭಾರ ಎತ್ತಬೇಡಿ, ಏದುಸಿರು ಬರುವಂಥದ್ದು ಮಾಡಬೇಡಿ ಅಂತ. ಮೆಲ್ಲಗೆ ಓಡಾಡಿ ಅಂತ ಅದೇ ಡಾಕ್ಟರ್ ಎಷ್ಟೋ ಸಲ ಬಾಯಿಬಿಟ್ಟು ಹೇಳಿರುತ್ತಾರೆ. ಸಂಶಯ ಇದ್ದರೆ ಅವರನ್ನೇ ಕೇಳಿ, ಚಿಕ್ಕಪ್ಪನನ್ನಲ್ಲ.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಇಂಥ ಪದಗಳಿಗೆ ಅಂಕಿಯನ್ನೇ ಕೊಟ್ಟುಬಿಟ್ಟರು. ಅವರ ಅಳತೆಪಟ್ಟಿ 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ. ಟ್ರೆಡ್‌ಮಿಲ್ ಮೇಲೆ ನಡೆಯುತ್ತಿರುವವನು ‘ಸಮ್‌ವಾಟ್ ಹಾರ್ಡ್’ ಅಂದರೆ 13, ‘ವೆರಿ ಹಾರ್ಡ್’ ಅಂದರೆ 17. ಯಾಕೆ 6ರಿಂದ? ಆರೋಗ್ಯವಾಗಿರುವವರಲ್ಲಿ ಆ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಮ್ಮಿ ಎದೆಬಡಿತ ಸಿಗುತ್ತದೆ. 13 ಅಂದವನಿಗೆ ನಿಮಿಷಕ್ಕೆ 130ರ ಆಸುಪಾಸು. ನೋಡಿ, ಪದವನ್ನು ಯೋಚಿಸಿ ಆರಿಸಿದರೆ ಅದರಿಂದ ಇಷ್ಟು ಕೆಲಸ ತೆಗೆಯಬಹುದು.

ತಲೆ ಸುಸ್ತಾಗುವ ಕೆಲಸ ಟ್ಯಾಕ್ಸಿಂಗ್. ಮಾರ್ಚ್ ತಿಂಗಳಲ್ಲಿ ಆಡಿಟರ್ ಆಫೀಸಿನವರಿಗಂತೂ ಎರಡೂ ಅರ್ಥದಲ್ಲಿ. ಗ್ರೂಲಿಂಗ್ ಅಂದರೆ ಮುಗಿಯದೆ ಹಿಂಡುತ್ತಲೇ ಇರುವುದು. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಹು ಮೂರು ದಿನಗಳಲ್ಲಿ 11 ಗಂಟೆ 5 ನಿಮಿಷ ಆಡಿದರಲ್ಲ, ಕೊನೇ ಸೆಟ್ 70-68, ಅದು ಗ್ರೂಲಿಂಗ್. ಇನ್ನು ಲೆಬೋರಿಯಸ್. ಹುಷಾರು! “ನಿಮ್ಮ ಬರವಣಿಗೆ ಬಹಳ ಲೆಬೋರಿಯಸ್ ಸಾರ್” ಅಂದರೆ ಹೊಗಳಿದ ಹಾಗಲ್ಲ. ತಿಣುಕಿ ತಿಣುಕಿ ಬರೆದಿದ್ದೀರಿ ಅಂದ ಹಾಗೆ.

ಇಲ್ಲಿವರೆಗೆ ಇದು ಇಂಗ್ಲಿಷ್ ಕ್ಲಾಸು. ನನ್ನ ತಕರಾರು ಇರೋದು ಬೇರೆ ಕಡೆ. ಈ ಪದಗಳು ಯಾರ ಪಾಲಿಗೆ ಬರುತ್ತವೆ?

ಎ.ಸಿ. ರೂಮಿನ ಕೆಲಸಕ್ಕೆ ಜಾಹೀರಾತು ಕೊಡುವಾಗ ಚಾಲೆಂಜಿಂಗ್, ಡಿಮ್ಯಾಂಡಿಂಗ್. ಉದ್ಯೋಗ ಖಾತ್ರಿ ಅಂತ 2005ರಲ್ಲಿ ಮಾಡಿದ ಕಾಯ್ದೆ ತೆಗೆದು ಓದಿ. ಕೆರೆ ಹೂಳು ಎತ್ತುವ, ಬದು ಹಾಕುವ ದುಡಿಮೆಗೆ ಅಲ್ಲಿರೋ ಪದ ‘ಅನ್‌ಸ್ಕಿಲ್ಡ್ ಮ್ಯಾನುಯಲ್ ವರ್ಕ್’. ಎಷ್ಟು ಕಷ್ಟ ಅನ್ನೋದಕ್ಕೆ ಒಂದು ವಿಶೇಷಣವೂ ಇಲ್ಲ. ಇದ್ದ ಒಂದೇ ವಿಶೇಷಣ, ಇವರಿಗೆ ಏನು ಬರೋದಿಲ್ಲ ಅಂತ ಹೇಳೋದಕ್ಕೆ.

ಮಂಡ್ಯದ ಕಡೆ ನಾಟಿ ಹಾಕುವ ಹೆಂಗಸರನ್ನು ನೋಡಿದ್ದೀರಾ? ಎಡಗೈಯಲ್ಲಿ ಪೈರಿನ ಕಟ್ಟು. ಬಲಗೈ ಎರಡು ಮೂರು ಪೈರು ಬಿಡಿಸಿ ಕೆಸರಿಗೆ ಊರುತ್ತದೆ, ಹಿಂದೆ ಹೆಜ್ಜೆ ಇಡುತ್ತಾ, ಬಗ್ಗಿದ ಸೊಂಟ ಬಗ್ಗಿದ ಹಾಗೇ. ಪೈರು ಜಾಸ್ತಿ ಆಳಕ್ಕೆ ಹೋದರೆ ತೆಂಡೆ, ಅಂದರೆ ಬುಡದಿಂದ ಬರುವ ಮರಿಪೈರು, ಚೆನ್ನಾಗಿ ಒಡೆಯೋದಿಲ್ಲ, ಮೇಲೆಯೇ ಉಳಿದರೆ ನೀರಿಗೆ ತೇಲುತ್ತದೆ. ಆ ಆಳ ಅವರ ಬೆರಳಿಗೆ ಗೊತ್ತು. ಇದನ್ನು ಅನ್‌ಸ್ಕಿಲ್ಡ್ ಅನ್ನೋದಕ್ಕೆ ನನಗಂತೂ ಬಾಯಿ ಬರೋದಿಲ್ಲ. ಬ್ಯಾಕ್‌ಬ್ರೇಕಿಂಗ್ ಅನ್ನೋ ಪದ ಹುಟ್ಟಿರೋದೇ ಇಂಥದ್ದಕ್ಕೆ. ನಾವು ಅದನ್ನು ಪವರ್‌ಪಾಯಿಂಟ್ ಮಾಡೋದಕ್ಕೆ ಬಳಸುತ್ತಿದ್ದೇವೆ.

ಕ್ಯಾಲಿಫೋರ್ನಿಯಾದಲ್ಲಿ ಈ ಪದ ಅಕ್ಷರಶಃ ನಿಜವಾಗಿತ್ತು. ಲೆಟ್ಯೂಸ್, ಬೀಟ್ ಹೊಲಗಳಲ್ಲಿ ಕೂಲಿಯವರಿಗೆ ಮೋಟು ಹಿಡಿಯ ಗುದ್ದಲಿ ಕೊಡುತ್ತಿದ್ದರು. ದಿನವಿಡೀ ಎರಡು ಮಡಿಕೆಯಾಗಿ ಬಗ್ಗಿಯೇ ಕೆಲಸ. ಉದ್ದ ಹಿಡಿ ಕೊಟ್ಟರೆ ಬೆಳೆ ಹಾಳು ಮಾಡುತ್ತಾರೆ ಅನ್ನೋದು ಮಾಲೀಕರ ವಾದ. ಮೇಸ್ತ್ರಿಗೆ ಇನ್ನೊಂದು ಅನುಕೂಲವೂ ಇತ್ತು: ಯಾರ ತಲೆ ಮೇಲೆದ್ದು ಕಂಡಿತೋ ಅವರು ಕೆಲಸ ನಿಲ್ಲಿಸಿದ್ದಾರೆ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಬೆನ್ನುಮೂಳೆ ಶಾಶ್ವತವಾಗಿ ಕೆಡುತ್ತದೆ ಅಂತ ಡಾಕ್ಟರುಗಳು ಸಾಕ್ಷಿ ಹೇಳಿದರು. ಕೊನೆಗೆ 1975ರಲ್ಲಿ ಆ ಗುದ್ದಲಿಗೆ ನಿಷೇಧ ಬಂತು.

ಹಾಗಾಗಿ ಮುಂದಿನ ಸಲ ಸೋಮವಾರದ ಮೂರು ಮೀಟಿಂಗಿಗೆ ಬ್ಯಾಕ್‌ಬ್ರೇಕಿಂಗ್ ಅನ್ನೋ ಮುಂಚೆ ಒಂದು ಕ್ಷಣ ತಡೆಯಿರಿ. ಬೇಕಾದರೆ ಹೆಕ್ಟಿಕ್ ಅನ್ನಿ, ಅದಕ್ಕೆ ನನ್ನದೇನೂ ಅಡ್ಡಿಯಿಲ್ಲ.