ನಮ್ಮ ಬಗ್ಗೆ ಯಾರು ಕೇಳಿದರು?

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ದಿನಗಳ ಹಿಂದೆ ಒಂದು ಕೆಲಸ ಮಾಡಿದೆ. ನನ್ನ ಇಮೇಲ್ ಖಾತೆಯಲ್ಲಿ ನನ್ನ ಬಗ್ಗೆ ಏನೇನಿದೆ ಅಂತ ನೋಡಲು ಕೂತೆ. ಈಗ ದೊಡ್ಡ ಕಂಪನಿಗಳು 'ನಿಮ್ಮ ಮಾಹಿತಿ ಇಳಿಸಿಕೊಳ್ಳಿ' ಅನ್ನುವ ಅನುಕೂಲ ಕೊಟ್ಟಿವೆ, ಅಲ್ವಾ? ಅದನ್ನು ಒತ್ತಿದೆ. ಸ್ವಲ್ಪ ಹೊತ್ತಿಗೆ ಫೈಲು ಬಂತು.

ನಾನು ಬರೆದ ಪತ್ರಗಳು ಅದರಲ್ಲಿರುತ್ತವೆ ಅಂತ ಗೊತ್ತೇ ಇತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಪಟ್ಟಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಫೋನಿನಿಂದ, ಯಾವ ಐಪಿ ವಿಳಾಸದಿಂದ (ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಿಂದ) ಲಾಗಿನ್ ಆದೆ ಅನ್ನುವ ಲೆಕ್ಕ. ಒಂದು ವಾರವಂತೂ ರಾತ್ರಿ ಎರಡು ಗಂಟೆ, ಮೂರು ಗಂಟೆಗೆ ಮತ್ತೆ ಮತ್ತೆ ಬಂದಿದ್ದೆ. ಆ ವಾರ ಮನೆಯಲ್ಲಿ ಒಬ್ಬರಿಗೆ ಹುಷಾರಿರಲಿಲ್ಲ, ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಪಟ್ಟಿಯಲ್ಲಿ ಆ ಕಾರಣ ಇರಲಿಲ್ಲ. ಬರೀ ಗಂಟೆ, ನಿಮಿಷ, ಸೆಕೆಂಡ್. ಗುರುತಿಲ್ಲದ ಯಾರಾದರೂ ಅದನ್ನು ನೋಡಿದರೆ ನನ್ನ ಬಗ್ಗೆ ಏನು ಅಂದುಕೊಂಡಾರು ಅಂತ ಯೋಚಿಸಿದೆ. ಆಮೇಲೆ ಇನ್ನೊಂದು ಪ್ರಶ್ನೆ ಬಂತು. ಇದನ್ನು ನನಗಿಂತ ಮೊದಲೇ ಯಾರಾದರೂ ಕೇಳಿ ಪಡೆದಿದ್ದರೆ? ಆ ವಿವರದ ಪುಟ ಮಾತ್ರ ಫೈಲಿನಲ್ಲಿ ಇರಲಿಲ್ಲ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಇಲ್ಲದ ಪುಟದ ಬಗ್ಗೆ.

ಸರ್ಕಾರ ಮತ್ತು ಆನ್‌ಲೈನ್ ಕಂಪನಿಗಳ ನಡುವೆ ಮಾಹಿತಿ ಹರಿಯುವುದು ಎರಡು ಥರ. ಇವೆರಡನ್ನೂ ನಾವು ಸುಮ್ನೆ ಒಟ್ಟಿಗೆ ಸೇರಿಸಿಬಿಡುತ್ತೇವೆ. ಒಂದು, ಸರ್ಕಾರ ಕಂಪನಿಯ ಬಗ್ಗೆಯೇ ಕೇಳುವುದು. ನಿಮ್ಮ ತಂತ್ರಾಂಶ ಯಾವ ಪೋಸ್ಟನ್ನು ಯಾಕೆ ಮೇಲೆ ತೋರಿಸುತ್ತದೆ, ದೂರು ಬಂದಾಗ ಏನು ಮಾಡಿದಿರಿ, ಮಕ್ಕಳಿಗೆ ಏನು ಕಾವಲಿದೆ, ಇಂಥವು. ಯುರೋಪ್ ಒಕ್ಕೂಟದ ಡಿಜಿಟಲ್ ಸರ್ವಿಸಸ್ ಆಕ್ಟ್ ಈ ಕೆಲಸ ಮಾಡುತ್ತದೆ. 2024ರ ಫೆಬ್ರವರಿ 17ರಿಂದ ಅದು ಪೂರ್ತಿ ಜಾರಿಯಲ್ಲಿದೆ. ಒಕ್ಕೂಟದೊಳಗೆ ತಿಂಗಳಿಗೆ 4.5 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಬಳಕೆದಾರರು ಇರುವ ತಾಣಗಳು ತಮ್ಮಿಂದ ಸಮಾಜಕ್ಕೆ ಆಗಬಹುದಾದ ಅಪಾಯಗಳನ್ನು ತಾವೇ ಅಳೆದು ವರದಿ ಕೊಡಬೇಕು. ತಪ್ಪಿದರೆ ಪ್ರಪಂಚದಾದ್ಯಂತದ ವಹಿವಾಟಿನ ಶೇಕಡಾ 6ರವರೆಗೆ ದಂಡ. ಇಂಥ ಮೇಲ್ವಿಚಾರಣೆ ಬೇಕೇ ಬೇಕು. ಅದರ ಬಗ್ಗೆ ನನಗೆ ತಕರಾರಿಲ್ಲ.

ಇನ್ನೊಂದು, ಸರ್ಕಾರ ಕಂಪನಿಯ ಹತ್ತಿರ ನಮ್ಮ ಬಗ್ಗೆ ಕೇಳುವುದು. ನನ್ನ ಕಳವಳ ಇರುವುದು ಇಲ್ಲಿ.

ಪೊಲೀಸರು ಕೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಗು ಕಾಣೆಯಾದಾಗ, ವಯಸ್ಸಾದವರ ಉಳಿತಾಯವನ್ನೆಲ್ಲ ಯಾರೋ ಆನ್‌ಲೈನಿನಲ್ಲಿ ದೋಚಿದಾಗ, ಆ ಖಾತೆ ಯಾರದು ಅಂತ ಪೊಲೀಸರು ಕೇಳಬೇಕು. ಕಂಪನಿ ಬೇಗ ಹೇಳಬೇಕು. ಭಾರತದ 2021ರ ಐಟಿ ನಿಯಮಗಳು ಅದಕ್ಕೆ 72 ಗಂಟೆಗಳ ಮಿತಿ ಇಟ್ಟಿವೆ. ಅಮೆರಿಕದಲ್ಲಿ 1986ರ ಕಾನೂನು ಇದನ್ನು ಮೆಟ್ಟಿಲುಗಳಾಗಿ ಮಾಡಿತು. ಖಾತೆದಾರರ ಹೆಸರಿಗೆ ಸುಲಭವಾಗಿ ಸಿಗುವ ಕಾನೂನಿನ ಕಾಗದ ಸಾಕು. ಪತ್ರದ ಒಳಗಿನ ಮಾತು ಬೇಕಿದ್ದರೆ ನ್ಯಾಯಾಧೀಶರ ವಾರಂಟ್ ಬೇಕು. ಆದರೆ ಅದೇ ಕಾನೂನು, 180 ದಿನಕ್ಕಿಂತ ಹಳೆಯ ಇಮೇಲನ್ನು ವಾರಂಟ್ ಇಲ್ಲದೆಯೇ ಪಡೆಯಬಹುದು ಅಂತಲೂ ಹೇಳಿತ್ತು. ಪತ್ರಗಳನ್ನು ವರ್ಷಗಟ್ಟಲೆ ಕಂಪನಿಯ ಬಳಿಯೇ ಬಿಟ್ಟಿರುತ್ತೇವೆ ಅಂತ ಆಗ ಯಾರೂ ಎಣಿಸಿರಲಿಲ್ಲ.

ಒಳಗಿನ ಮಾತು ಸಿಗದಿದ್ದರೆ ಸಾಕಲ್ವಾ, ಹೊರಗಿನ ಲೆಕ್ಕ ಹೋದರೆ ಹೋಗಲಿ ಅಂತ ಕೆಲವರು ಹೇಳುತ್ತಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಯುರೋಪಿನಲ್ಲಿ 2006ರ ಒಂದು ನಿರ್ದೇಶನದ ಪ್ರಕಾರ ಎಲ್ಲರ ಫೋನ್ ಮತ್ತು ಇಂಟರ್ನೆಟ್ ಬಳಕೆಯ ಲೆಕ್ಕವನ್ನು 6 ತಿಂಗಳಿಂದ 2 ವರ್ಷದವರೆಗೆ ಕಾಪಿಡಬೇಕಿತ್ತು. ಮಾತನ್ನು ಕಾಪಿಡುವ ಹಾಗಿರಲಿಲ್ಲ. ಯಾರು, ಯಾರಿಗೆ, ಯಾವಾಗ, ಎಲ್ಲಿಂದ ಅನ್ನುವುದಷ್ಟೇ. 2014ರ ಏಪ್ರಿಲ್ 8ರಂದು ಯುರೋಪ್ ಒಕ್ಕೂಟದ ನ್ಯಾಯಾಲಯ ಅದನ್ನು ರದ್ದು ಮಾಡಿತು. ಈ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಬ್ಬರ ದಿನಚರಿ, ಓಡಾಟ, ಒಡನಾಟ ಎಲ್ಲವೂ ಕಣ್ಣಿಗೆ ಕಟ್ಟುತ್ತದೆ ಅನ್ನುವುದು ನ್ಯಾಯಾಲಯದ ಮಾತಿನ ಸಾರ. ನನ್ನ ಆ ನಿದ್ದೆಗೆಟ್ಟ ವಾರ ನೆನಪಾಯಿತು.

ಇಂಥ ಒಂದು ಸಾಲಿನ ಲೆಕ್ಕಕ್ಕೆ ಒಬ್ಬರ ಬದುಕೇ ಬಲಿಯಾದದ್ದುಂಟು. ಚೀನಾದ ಪತ್ರಕರ್ತ ಶಿ ತಾವೊ 2004ರ ಏಪ್ರಿಲ್ 20ರ ರಾತ್ರಿ ತನ್ನ ಪತ್ರಿಕಾ ಕಚೇರಿಯಿಂದ ಒಂದು ಇಮೇಲ್ ಕಳಿಸಿದರು. 1989ರಲ್ಲಿ ಬೀಜಿಂಗ್‌ನಲ್ಲಿ ಪ್ರಜಾಪ್ರಭುತ್ವ ಕೇಳಿದವರ ಮೇಲೆ ಸೇನೆ ಗುಂಡು ಹಾರಿಸಿದ ತಿಯಾನನ್ಮೆನ್ ಘಟನೆಗೆ 15 ವರ್ಷ ತುಂಬುವ ಹೊತ್ತಿನಲ್ಲಿ ಪತ್ರಿಕೆಗಳು ಹೇಗಿರಬೇಕು ಅಂತ ಮೇಲಿನಿಂದ ಬಂದ ಸೂಚನೆಯ ವಿವರ ಅದರಲ್ಲಿತ್ತು. ಅಧಿಕಾರಿಗಳು ಯಾಹೂ ಕಂಪನಿಯನ್ನು ಕೇಳಿದರು. ಆ ಖಾತೆಗೆ ಯಾವ ಸಂಪರ್ಕದಿಂದ, ಎಷ್ಟು ಗಂಟೆಗೆ ಲಾಗಿನ್ ಆಗಿತ್ತು ಅನ್ನುವುದು ಕಂಪನಿಯಿಂದ ಸಿಕ್ಕಿತು. ಅಷ್ಟೇ ಸಾಕಾಯಿತು. 2005ರಲ್ಲಿ 10 ವರ್ಷ ಜೈಲು. 2007ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಯಾಹೂ ಮುಖ್ಯಸ್ಥ ಜೆರ್ರಿ ಯಾಂಗ್, ಶಿ ತಾವೊ ಅವರ ತಾಯಿಯ ಮುಂದೆ ತಲೆಬಾಗಿ ಕ್ಷಮೆ ಕೇಳಿದರು. ಮಗ ಹೊರಗೆ ಬಂದದ್ದು 2013ರಲ್ಲಿ.

ಎಲ್ಲ ದೇಶವೂ ಹೀಗೆ ಅಂತ ನಾನು ಹೇಳಲಾರೆ. ಆದರೆ ಕೇಳುವವರ ಕೈಯಲ್ಲಿ ಕಾಗದ ಇದೆ ಅನ್ನುವುದೊಂದೇ ಸಾಲದು. ಆ ಕಾಗದ ನಿಜವೋ ಅನ್ನುವುದೂ ಗೊತ್ತಿರಬೇಕು. ಜೀವಕ್ಕೆ ಅಪಾಯ ಇದ್ದಾಗ ವಾರಂಟಿಗೆ ಕಾಯದೆ ಮಾಹಿತಿ ಕೊಡಲು ಕಂಪನಿಗಳಿಗೆ ಅವಕಾಶ ಇದೆ. ಅದಕ್ಕೆ ತುರ್ತು ಕೋರಿಕೆ ಅನ್ನುತ್ತಾರೆ. ವಂಚಕರು ಪೊಲೀಸರ ಇಮೇಲ್ ಖಾತೆಗಳನ್ನೇ ಕದ್ದು, ಅಲ್ಲಿಂದ ಸುಳ್ಳು ತುರ್ತು ಕೋರಿಕೆ ಕಳಿಸಿ, ಜನರ ವಿಳಾಸ, ಫೋನ್ ನಂಬರ್ ಪಡೆದರು. ದೊಡ್ಡ ಕಂಪನಿಗಳೂ ಮೋಸಹೋದವು ಅಂತ 2022ರಲ್ಲಿ ಸುದ್ದಿಯಾಯಿತು. 2024ರ ನವೆಂಬರ್‌ನಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಇದರ ಬಗ್ಗೆ ಎಚ್ಚರಿಕೆ ಹೊರಡಿಸಬೇಕಾಯಿತು. ಒಳ್ಳೆಯದಕ್ಕೆ ತೆರೆದ ಬಾಗಿಲಲ್ಲಿ ಕಳ್ಳರೂ ನುಗ್ಗಿದರು. ಹೀಗೆ ಮಾಹಿತಿ ಕಳೆದುಕೊಂಡವರಿಗೆ ತಮ್ಮ ವಿವರ ಹೋಗಿದೆ ಅಂತ ಯಾರೂ ಹೇಳದಿದ್ದರೆ, ಅವರು ಹುಷಾರಾಗುವುದಾದರೂ ಹೇಗೆ?

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಬಾಯಿಗೆ ಹಾಕುವ ಬೀಗ. ನಿಕೊಲಸ್ ಮೆರಿಲ್ ನ್ಯೂಯಾರ್ಕಿನಲ್ಲಿ ಸಣ್ಣ ಇಂಟರ್ನೆಟ್ ಕಂಪನಿ ನಡೆಸುತ್ತಿದ್ದರು. 2004ರಲ್ಲಿ ಎಫ್‌ಬಿಐನಿಂದ ಅವರಿಗೆ ಒಂದು ಪತ್ರ ಬಂತು. ಒಬ್ಬ ಗ್ರಾಹಕರ ಮಾಹಿತಿ ಕೊಡಿ ಅಂತ. ನ್ಯಾಯಾಧೀಶರ ಸಹಿ ಇರಲಿಲ್ಲ. ಈ ಪತ್ರ ಬಂದದ್ದನ್ನೇ ಯಾರಿಗೂ ಹೇಳಬಾರದು ಅಂತ ಬರೆದಿತ್ತು. ಮೆರಿಲ್ ಮಾಹಿತಿ ಕೊಡಲಿಲ್ಲ, ಕೋರ್ಟಿಗೆ ಹೋದರು. ಮೊಕದ್ದಮೆಯಲ್ಲೂ ಅವರ ಹೆಸರು ಹಾಕುವಂತಿರಲಿಲ್ಲ. 2006ರಲ್ಲಿ ಎಫ್‌ಬಿಐ ಆ ಮಾಹಿತಿಯ ಬೇಡಿಕೆ ಕೈಬಿಟ್ಟಿತು. ಬೀಗ ಮಾತ್ರ ಹಾಗೇ ಉಳಿಯಿತು. ಹೆಸರು ಹೇಳಿಕೊಳ್ಳಲು 2010ರವರೆಗೆ ಕಾದರು. ಏನು ಕೇಳಿದ್ದರು ಅಂತ ಹೇಳಲು 2015ರ ಕೊನೆಯವರೆಗೆ. ಹನ್ನೊಂದು ವರ್ಷ! ಆಗ ಹೊರಬಂದ ಪಟ್ಟಿಯಲ್ಲಿ ಆ ಗ್ರಾಹಕರು ನೋಡಿದ ಜಾಲತಾಣಗಳು, ಅವರ ಜೊತೆ ಪತ್ರ ವ್ಯವಹಾರ ಇದ್ದವರ ಐಪಿ ವಿಳಾಸಗಳು, ಆನ್‌ಲೈನಿನಲ್ಲಿ ಕೊಂಡ ವಸ್ತುಗಳ ಲೆಕ್ಕ, ಎಲ್ಲ ಇದ್ದವು.

ಕಂಪನಿಗಳು ಪಾರದರ್ಶಕತೆ ವರದಿ ಹೊರಡಿಸುತ್ತವಲ್ಲ ಅಂತ ನೀವು ಕೇಳಬಹುದು. ಹೌದು. 2010ರಲ್ಲಿ ಗೂಗಲ್ ಅದನ್ನು ಶುರುಮಾಡಿತು, ಆಮೇಲೆ ಉಳಿದವೂ ಬಂದವು. ಯಾವ ದೇಶದಿಂದ ಎಷ್ಟು ಕೋರಿಕೆ, ಎಷ್ಟು ಖಾತೆ, ಎಷ್ಟಕ್ಕೆ ಒಪ್ಪಿದರು ಅಂತ ಅದರಲ್ಲಿ ಇರುತ್ತದೆ. ನಾನು ಅವನ್ನು ಓದುತ್ತೇನೆ, ಅವುಗಳಿಂದ ಉಪಕಾರವಾಗಿದೆ. ಆದರೆ ಆ ಎಣಿಕೆಯಲ್ಲಿ ನಾನೂ ಒಬ್ಬನಾ ಅಂತ ಅದು ಹೇಳುವುದಿಲ್ಲ. ಕಾನೂನು ತಡೆಯದಿದ್ದರೆ ಬಳಕೆದಾರರಿಗೆ ತಿಳಿಸುತ್ತೇವೆ ಅಂತ ಕೆಲವು ಕಂಪನಿಗಳು ಹೇಳಿವೆ. ಒಳ್ಳೆಯದೇ. ಆದರೆ ಅದು ಕಂಪನಿಯ ಮನಸ್ಸಿಗೆ ಬಿಟ್ಟದ್ದು. ನಾಳೆ ಅದು ಬದಲಾದರೆ ಕೇಳುವವರಿಲ್ಲ.

ತನಿಖೆ ನಡೆಯುವಾಗ ಗುಟ್ಟು ಬೇಕು, ಒಪ್ಪುತ್ತೇನೆ. ಕಳ್ಳನಿಗೆ ಮೊದಲೇ ಹೇಳಿ ಹೋಗಿ ಅಂತ ಯಾರೂ ಹೇಳುವುದಿಲ್ಲ. ನಾನು ಕೇಳುವುದು ಇಷ್ಟೇ. ಆ ಗುಟ್ಟಿಗೆ ಒಂದು ಕೊನೆಯ ದಿನ ಇರಲಿ. ಆ ದಿನ ಬಂದಾಗ, 'ನಿಮ್ಮ ಮಾಹಿತಿಯನ್ನು ಇಂಥವರು, ಇಂಥ ಕಾನೂನಿನ ಕೆಳಗೆ ಪಡೆದಿದ್ದರು' ಅಂತ ಒಂದು ಪತ್ರ ಆ ವ್ಯಕ್ತಿಗೆ ಹೋಗಲಿ. ಇನ್ನೂ ಗುಟ್ಟು ಬೇಕು ಅಂದರೆ ನ್ಯಾಯಾಧೀಶರ ಮುಂದೆ ಹೋಗಿ, ಕಾರಣ ಕೊಟ್ಟು, ಮತ್ತಷ್ಟು ಕಾಲ ಪಡೆಯಲಿ. ಒಂದು ದಿನ ತಿಳಿಯುತ್ತದೆ ಅಂತ ಗೊತ್ತಿರುವ ಅಧಿಕಾರಿ ಕೇಳುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ತಪ್ಪಾಗಿ ಕೇಳಿದ್ದರೆ ಪ್ರಶ್ನೆ ಮಾಡಲು ನಮಗೂ ಒಂದು ದಾರಿ ಸಿಗುತ್ತದೆ.

ಯುರೋಪ್ ಒಕ್ಕೂಟ 2023ರಲ್ಲಿ ಇ-ಎವಿಡೆನ್ಸ್ ಅನ್ನುವ, ಅಪರಾಧ ತನಿಖೆಗೆ ಬೇಕಾದ ಡಿಜಿಟಲ್ ಸಾಕ್ಷ್ಯ ಪಡೆಯುವ ನಿಯಮ ಮಾಡಿತು. ಅದು ಅನ್ವಯವಾಗುವ ದಿನ 2026ರ ಆಗಸ್ಟ್ 18. ಒಂದು ದೇಶದ ಅಧಿಕಾರಿಗಳು ಇನ್ನೊಂದು ದೇಶದಲ್ಲಿರುವ ಕಂಪನಿಯನ್ನು ನೇರವಾಗಿ ಕೇಳಬಹುದು. ಕಂಪನಿ 10 ದಿನದಲ್ಲಿ ಕೊಡಬೇಕು, ತುರ್ತು ಇದ್ದರೆ 8 ಗಂಟೆಯಲ್ಲಿ. ಮಾಹಿತಿ ಯಾರದೋ ಅವರಿಗೆ ತಿಳಿಸಬೇಕು ಅಂತಲೂ ಅದರಲ್ಲಿ ಬರೆದಿದ್ದಾರೆ, ಅದಕ್ಕೆ ನನಗೆ ನಿಜಕ್ಕೂ ಸಂತೋಷ. ಆದರೆ ಆ ಸಾಲಿನಲ್ಲಿ 'ಅನಗತ್ಯವಾಗಿ ತಡಮಾಡದೆ' ಅಂತ ಮಾತ್ರ ಇದೆ. ಕೊಡುವುದಕ್ಕೆ ಗಂಟೆ ಎಣಿಸಿದವರು, ತಿಳಿಸುವುದಕ್ಕೂ ದಿನ ಎಣಿಸಿ ಬರೆಯಲಿ.

ನಮಸ್ಕಾರ.